ಎರಡನೆಯ ಫಿಲ್ಮಿನ ಬೋರಯ್ಯ

ಬೋರಯ್ಯನವರು ಯಾರನ್ನೂ ಮುಖ ನೋಡಿ ಗುರುತು ಹಿಡಿದವರಲ್ಲ. ಮಧುಗಿರಿಯ ಬಸ್ ನಿಲ್ದಾಣದಲ್ಲಿ ಪರಿಚಯದವರು ಎದುರಾಗಿ ನಕ್ಕರೂ, ಕೈಮುಗಿದರೂ, ಹೆಸರು ಹಿಡಿದು ಕೂಗಿದರೂ ಅವರ ಕಣ್ಣಿನಲ್ಲಿ ದೀಪ ಹೊತ್ತಿಕೊಳ್ಳುತ್ತಿರಲಿಲ್ಲ. ಅದೇ ವ್ಯಕ್ತಿ ನಿರಾಶನಾಗಿ ಬೆನ್ನು ತಿರುಗಿಸಿ ನಾಲ್ಕು ಹೆಜ್ಜೆ ನಡೆದು, ಅವನ ಹೆಗಲು ಉಸಿರಿಗೆ ಎರಡು ಸಲ ಏರಿ ಇಳಿಯಿತೋ, ಹಿಂದಿನಿಂದ ಸಂಭ್ರಮದ ಕೂಗು ಕೇಳಿಬರುತ್ತಿತ್ತು: "ಓಹೋ, ಬಲಗಡೆ ಎದೆಯ ಕೆಳಪಾಲು ಸ್ವಲ್ಪ ಸೋಂಬೇರಿ! ಕೊಡಿಗೇನಹಳ್ಳಿ ಪೋಸ್ಟ್‌ಮ್ಯಾನ್ ಅಲ್ವೇನ್ರಿ ನೀವು? ಹೆಂಗಿದೀರಿ?" ಹಿಂದಿನಿಂದ ಮಾತಾಡುವವರು ಪ್ರಪಂಚದಲ್ಲಿ ಬೇಕಾದಷ್ಟು ಜನ ಇದ್ದಾರೆ, ಹಿಂದಿನಿಂದ ಮಾತಾಡಿಯೂ ಒಳ್ಳೆಯದನ್ನೇ ಬಯಸಿದ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಈ ಅಭ್ಯಾಸಕ್ಕೂ ಒಂದು ಚರಿತ್ರೆಯಿತ್ತು. ಮೊದಮೊದಲು ಅವರು ಎದುರಿನವರ ಕೊರಳ ಗುಳಿಯನ್ನೇ ನೆಟ್ಟ ದೃಷ್ಟಿಯಿಂದ ನೋಡುತ್ತಿದ್ದರಂತೆ. ಉಸಿರಿನ ಏರಿಳಿತ ಅಲ್ಲಿ ಚೆನ್ನಾಗಿ ಕಾಣುತ್ತದೆಂಬುದು ಅವರ ಶಾಸ್ತ್ರ. ಆ ಶಾಸ್ತ್ರವನ್ನರಿಯದ ಮಹಿಳೆಯೊಬ್ಬರು ಸಂತೆಯಲ್ಲಿ ಕೊಡೆ ಎತ್ತಿದ ಮೇಲೆ, ಗಂಗಲಕ್ಷ್ಮಮ್ಮ ಧರ್ಮಾಸ್ಪತ್ರೆಯ ಡಾಕ್ಟರ್ ಇಂದ್ರಮ್ಮನವರು ಅವರನ್ನು ಕರೆಸಿ, "ಬೋರಯ್ಯ, ಇನ್ಮೇಲೆ ಬೆನ್ನು ನೋಡಿ. ಉಸಿರು ಅಲ್ಲೂ ಇರುತ್ತೆ" ಎಂದು ಆಜ್ಞಾಪಿಸಿದರು. ಅಂದಿನಿಂದ ಯಾರ ಜೊತೆ ಹೊರಟರೂ ಬೋರಯ್ಯನವರ ನಡಿಗೆ ಎರಡು ಹೆಜ್ಜೆ ಹಿಂದೆ; ಮುಂದಿನವರ ಉಸಿರು ನಿಧಾನವಾದರೆ ಇವರ ಕಾಲೂ ನಿಧಾನ, ಅವರದು ಚುರುಕಾದರೆ ಇವರದೂ ಚುರುಕು. ಅದನ್ನು ಗೌರವವೆಂದು ಭಾವಿಸಿ ಎದೆಯುಬ್ಬಿಸಿ ನಡೆದ ಪುರಸಭಾ ಸದಸ್ಯರೂ ಇದ್ದರು. ಎದೆ ಉಬ್ಬಿದ್ದರಿಂದ ಬೋರಯ್ಯನವರಿಗೆ ಅನುಕೂಲವೇ ಆಯಿತು.

ಅವರು ಆ ಆಸ್ಪತ್ರೆಯ ಎಕ್ಸ್‌ರೇ ತಂತ್ರಜ್ಞರು. ಮೈಮೇಲೆ ಸದಾ ಒಂದು ಖಾಕಿ ಕೋಟು. ಕತ್ತಲ ಕೋಣೆಯ ದ್ರಾವಣಗಳು ಚಿಮ್ಮಿ ಚಿಮ್ಮಿ ಅದರ ಮೇಲೆ ಯಾವ ದೇಶಕ್ಕೂ ಸೇರದ ಭೂಪಟವೊಂದು ಮೂಡಿತ್ತು. ಫಿಲ್ಮಿನ ಮೇಲೆ ಎಡಬಲದ ಗುರುತು ಬೀಳಿಸಲು ಬಳಸುವ ಸೀಸದ ಅಕ್ಷರಗಳು ಅದರ ಜೇಬಿನಲ್ಲಿ ನಡೆದಾಗಲೆಲ್ಲ ಕಿಣಿಕಿಣಿ ಎನ್ನುತ್ತಿದ್ದವು. ಎಡಬಲ ತಿಳಿಯದವನೆಂದು ಅವರನ್ನು ಯಾರೂ ಹಳಿಯುವಂತಿರಲಿಲ್ಲ. ಎರಡನ್ನೂ ಜೇಬಿನಲ್ಲಿಟ್ಟುಕೊಂಡೇ ತಿರುಗುತ್ತಿದ್ದರು.

ನಾನು ಹೆಣ್ಣುಮಕ್ಕಳ ಹೈಸ್ಕೂಲಿಗೆ ಇಂಗ್ಲಿಷ್ ಕಲಿಸಲು ಮಧುಗಿರಿಗೆ ವರ್ಗವಾಗಿ ಬಂದದ್ದು ಎಪ್ಪತ್ತನಾಲ್ಕರಲ್ಲಿ. ಕಾನ್ವೆಂಟಿನ ಸಿಸ್ಟರುಗಳ ಕೈಯಲ್ಲಿ ಬೆಳೆದ ನನಗೆ ಕೆಮ್ಮುವುದಕ್ಕೂ ಅನುಮತಿ ಕೇಳುವ ರೂಢಿ. ಆದರೆ ಸೀಮೆಸುಣ್ಣದ ಪುಡಿ ಯಾರ ಅನುಮತಿಯನ್ನೂ ಕೇಳುವುದಿಲ್ಲವಾದ್ದರಿಂದ ಮೂರೇ ತಿಂಗಳಲ್ಲಿ ಬೋರಯ್ಯನವರ ತಣ್ಣನೆಯ ತಗಡಿಗೆ ಎದೆಯೊತ್ತಿ ನಿಲ್ಲುವ ಯೋಗ ಬಂತು.

"ಉಸಿರು ಎಳ್ಕಳಿ ಮೇಡಮ್ಮೋರೆ. ಇನ್ನೂ. ಇನ್ನೂ ಐತೆ ಜಾಗ. ಬುಡಬ್ಯಾಡಿ... ಬುಡಬ್ಯಾಡಿ... ಈಗ ಬುಡಿ."

ಈ "ಬುಡಬ್ಯಾಡಿ" ಊರಿಗೆಲ್ಲ ಪ್ರಸಿದ್ಧ. ಪಾವಗಡದ ಕಡೆಯ ತೆಲುಗಿನವರು ಬಂದರೆ "ವದಲಕಂಡಿ", ಸಿರಾದ ಸಾಹೇಬರು ಬಂದರೆ "ದಮ್ ರೋಕೋ". ಮೂರು ಭಾಷೆಗಳಲ್ಲಿ ಮನುಷ್ಯರ ಉಸಿರು ಕಟ್ಟಿಸಬಲ್ಲ ಪಂಡಿತರು ನಮ್ಮ ಸೀಮೆಯಲ್ಲಿ ಅವರೊಬ್ಬರೇ. ನಾನು ಸೆರಗು ಸರಿಪಡಿಸಿಕೊಂಡು ಹೊರಡುತ್ತಿದ್ದಂತೆ, "ಎಲ್ಲಿಗೆ? ಅರ್ಧ ಆಗೈತೆ. ಈಗ ಪೂರ್ತಿ ಆಚೆ ಬುಟ್ಟು ಖಾಲಿಯಾಗಿ ನಿಂತ್ಕಳಿ" ಎಂದು ಇನ್ನೊಂದು ಫಿಲ್ಮು ತೆಗೆದರು.

ಪಕ್ಕದ ಕೋಣೆಯಿಂದ ಇಂದ್ರಮ್ಮನವರ ದನಿ ಬಂತು. "ಬೋರಯ್ಯ, ಒಂದು ಎದೆಗೆ ಒಂದೇ ಫಿಲ್ಮು ಅಂತ ಎಷ್ಟು ಸಲ ಹೇಳ್ಬೇಕ್ರೀ? ಪ್ರಪಂಚದಲ್ಲೆಲ್ಲ ಉಸಿರು ತುಂಬಿಸಿಯೇ ತೆಗಿತಾರೆ."

"ಪರ್ಪಂಚ ತೆಗೀಲಿ ಬುಡಿ ತಾಯಿ. ನಾನೇನು ಬ್ಯಾಡ ಅಂದ್ನಾ?"

ಆ ಎರಡನೆಯ ಫಿಲ್ಮೇ ಬೋರಯ್ಯನವರ ಜೀವಮಾನದ ಹಟ. ಕೊರಟಗೆರೆಯ ಹತ್ತಿರದ ಹಳ್ಳಿಯಲ್ಲಿ ಸೋದರಮಾವನ ಕುಲುಮೆಯಲ್ಲಿ ತಿದಿ ಒತ್ತಿ ಬೆಳೆದ ಜೀವ ಅದು. "ತಿದಿ ಗಾಳಿ ತುಂಬ್ಕಂಡು ಕುಂತಾಗ ಒಳಗೆ ಕಟ್ಕಂಡಿದ್ದೂ ಒಂದೇ, ಹೊಸಾದೂ ಒಂದೇ, ಎಲ್ಡೂ ದಿಮ್ಮಗಿರ್ತಾವೆ. ಒತ್ತಿ ನೋಡ್ಬೇಕು ಮೇಡಮ್ಮೋರೆ. ಯಾವ ಮೂಲೇಲಿ ಗಾಳಿ ಸಿಗಾಕ್ಕಂಡೈತೆ ಅಂತ ಅವಾಗ ಗೊತ್ತಾಗದು. ನಾವು ಮನ್‌ಸ್ರ ಎದೇನ ಬರೀ ತುಂಬಿಸಿ ನೋಡ್ತೀವಿ. ಒತ್ತಿ ನೋಡಾಕಿಲ್ಲ." ತೊಳೆದ ಫಿಲ್ಮುಗಳನ್ನು ಅವರು ಆಸ್ಪತ್ರೆಯ ಹಿತ್ತಲಿನ ಬೇವಿನ ಮರಕ್ಕೆ ಬಿಗಿದ ತಂತಿಯಲ್ಲಿ ಜೋಡಿ ಜೋಡಿಯಾಗಿ ತೂಗುಹಾಕುತ್ತಿದ್ದರು. ಒಂದು ಕಡೆ ರೋಗಿಗಳ ದುಪ್ಪಟಿಗಳು, ಇನ್ನೊಂದು ಕಡೆ ರೋಗಿಗಳ ಎದೆಗಳು, ನಡುವೆ ಒಣಹಾಕಿದ ಸಂಡಿಗೆಯನ್ನು ಕಾಯುವ ಅಜ್ಜಿಯಂತೆ ಕಾಗೆ ಓಡಿಸುತ್ತ ನಿಂತ ಬೋರಯ್ಯನವರು. ತುಂಬಿದ ಶ್ವಾಸಕೋಶ ಫಿಲ್ಮಿನಲ್ಲಿ ಕಪ್ಪು. ಉಸಿರು ಬಿಟ್ಟಾಗ ಅದು ಕುಗ್ಗಿ ಬೂದಿಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣದ ಬದಲಾವಣೆಯನ್ನು ಅವರು ಸಂಜೆಯ ಬಾನನ್ನು ನೋಡುವವರಂತೆ ನೋಡುತ್ತಿದ್ದರು. ಮೊದಮೊದಲು ನಾನು ನಗುತ್ತಿದ್ದೆ. ಆಮೇಲಾಮೇಲೆ, ನನಗೇ ತಿಳಿಯದಂತೆ, ಅವರ ಪಕ್ಕದಲ್ಲಿ ನಿಂತು ನೋಡತೊಡಗಿದೆ.

ಎಂಬತ್ತಮೂರರಲ್ಲಿ ಮಿಡಿಗೇಶಿ ಕಡೆಯ ಹಟ್ಟಿಯೊಂದರಿಂದ ಈರಕ್ಕ ಬಂದಳು. ಇಪ್ಪತ್ತೈದರ ಆಸುಪಾಸಿನ ಹೆಣ್ಣು. ನಾಲ್ಕು ಮಾತಾಡಿದರೆ ಐದನೆಯದಕ್ಕೆ ಏದುಸಿರು. ಗಂಡ ಕುರಿ ಹೊಡೆದುಕೊಂಡು ವರ್ಷದ ಎಂಟು ತಿಂಗಳು ಸೀಮೆ ದಾಟಿ ಹೋಗುವವನು. ಎಲ್ಲಿಯೋ ಒಬ್ಬ ಓಡಾಡುವ ಕಾಂಪೌಂಡರು ಅವಳ ಉಸಿರು ಕೇಳಿ "ಕ್ಷಯ" ಎಂದಿದ್ದ. ಹಟ್ಟಿಯ ಯಜಮಾನ ಕ್ಯಾತಣ್ಣ, ಅವಳ ಗಂಡನ ಅಣ್ಣ, ತನ್ನ ಎದೆಯೆತ್ತರದ ಮಗನನ್ನು ಅದೇ ಕಾಯಿಲೆಗೆ ಕಳೆದುಕೊಂಡವನು. ಅವನು ಈರಕ್ಕನನ್ನು ಮುಳ್ಳುಬೇಲಿಯ ಹೊರಗೆ ಒಂದು ಗುಡಿಸಲು ಹಾಕಿ ಇರಿಸಿದ್ದ. ಅವಳ ಮೂರು ವರ್ಷದ ಮಗಳು ಗೌರಿ ಬೇಲಿಯ ಒಳಗೆ.

ಇಂದ್ರಮ್ಮನವರು ಕಫವನ್ನು ಮೂರು ಬಾರಿ ಪರೀಕ್ಷಿಸಿದರು, ಕ್ಷಯದ ರೋಗಾಣುವಿಲ್ಲ. ಫಿಲ್ಮು ನೋಡಿದರು, ಕಲೆಯಿಲ್ಲ. "ಏನೂ ಇಲ್ಲ" ಎಂದು ಚೀಟಿ ಬರೆದುಕೊಟ್ಟರು. ಕ್ಯಾತಣ್ಣ ಆ ಚೀಟಿ ಹಿಡಿದು ಮಿಡಿಗೇಶಿ ಬಸ್ಸಿನಲ್ಲಿ ತಿರುಗಿ ಬಂದ.

"ಏನೂ ಇಲ್ದಿದ್ರೆ ಯಾಕವ್ವಾ ಇಂಗೆ ಏದುಸ್ರು ಬುಡ್ತಾಳೆ? ನನ್ನ ಮಗಂಗೂ ಮೊದ್ಲು ಏನೂ ಇಲ್ಲ ಅಂದಿದ್ರು. ಏನಿಲ್ಲ ಅನ್ನೋ ಚೀಟಿಗೆ ನಾನು ಬೇಲಿ ತೆಗಿಯಾಕಿಲ್ಲ. ಏನೈತೆ ಅಂತ ಬರಕೊಡ್ರಿ, ತೆಗಿತೀನಿ."

ಅವನ ಮಾತಿನಲ್ಲಿ ಕ್ರೌರ್ಯವಿರಲಿಲ್ಲ, ತರ್ಕವಿತ್ತು. ಅದಕ್ಕೆ ಉತ್ತರವಿದ್ದದ್ದು ಇಡೀ ಆಸ್ಪತ್ರೆಯಲ್ಲಿ ಬೋರಯ್ಯನವರೊಬ್ಬರ ಬಳಿ, ಅದೂ ಅರ್ಧ. ಈರಕ್ಕನ ಎರಡನೆಯ ಫಿಲ್ಮನ್ನು ಬೇವಿನ ಮರದ ಕೆಳಗೆ ನನಗೆ ತೋರಿಸಿ, "ನೋಡ್ರಿ, ಉಸಿರು ಬುಟ್ರೂ ಇಲ್ಲೊಂದು ಕಡೆ, ಇಲ್ಲೊಂದು ಕಡೆ ಬೂದಿ ಆಗ್ಲಿಲ್ಲ. ಗಾಳಿ ಒಳಗೇ ಕುಂತೈತೆ" ಎಂದರು. ನನಗೂ ಕಂಡಂತಾಯಿತು. ಇಂದ್ರಮ್ಮನವರಿಗೆ ಕಾಣಲಿಲ್ಲ. ತಪ್ಪು ಅವರದಲ್ಲ. ಪಕ್ಕೆಲುಬು, ಹೃದಯ, ಬೆನ್ನೆಲುಬು, ಎಲ್ಲವೂ ಒಂದರ ಮೇಲೊಂದು ಬಿದ್ದ ಆ ನೆರಳಿನ ಗುಡ್ಡೆಯಲ್ಲಿ ನಂಬುವವರಿಗೆ ಕಾಣುತ್ತದೆ, ಪರೀಕ್ಷಿಸುವವರಿಗೆ ಕಾಣುವುದಿಲ್ಲ. ಬೋರಯ್ಯನವರಿಗೆ ಅದೂ ಗೊತ್ತಿತ್ತು. "ಎದೇನ ಬಿಲ್ಲೆ ಬಿಲ್ಲೆಯಾಗಿ ಕುಯ್ದು ನೋಡೋ ಅಂಗಿದ್ರೆ..." ಎಂದು ಅರ್ಧಕ್ಕೇ ನಿಲ್ಲಿಸಿ, ಮರ್ಯಾದಸ್ಥರ ಮುಂದೆ ಆಡಬಾರದ ಮಾತಾಡಿದವರಂತೆ ನಾಲಗೆ ಕಚ್ಚಿಕೊಂಡರು.

ಮರುವರ್ಷ ಒಂದು ಭಾನುವಾರ ಹಟ್ಟಿಗೆ ಹೊರಟಾಗ ನನ್ನನ್ನೂ ಕರೆದರು. ಮಿಡಿಗೇಶಿ ಬೆಟ್ಟದ ಮಗ್ಗುಲಲ್ಲಿ, ಬೇಲಿಯ ಹೊರಗೆ, ಈರಕ್ಕ ತನ್ನ ಪಾಲಿನ ಐದು ಕುರಿಗಳನ್ನು ಮೇಯಿಸಿಕೊಂಡು ಇದ್ದಳು. ನಾವು ಮಾತಾಡುತ್ತಿರುವಾಗಲೇ ಕೆಂಚಿ ಎಂಬ ಕುರಿಯೊಂದು ಬಂಡೆಗಳ ಹಿಂದೆ ಮರೆಯಾಯಿತು. ಈರಕ್ಕ ಎದ್ದು, ಬಾಯಿಗೆ ಅಂಗೈ ಮರೆಮಾಡಿ, ಒಡಲಲ್ಲಿದ್ದ ಗಾಳಿಯನ್ನೆಲ್ಲ ಸುರಿದು ಒಂದೇ ಕೂಗು ಕೂಗಿದಳು: "ಕೆಂಚೀ... ಹೋ..." ಕೂಗು ಮುಗಿದ ಮೇಲೆ ಅವಳು ಉಸಿರೆಳೆದುಕೊಳ್ಳಲಿಲ್ಲ. ಬಾಯಿ ತೆರೆದೇ ಇತ್ತು, ಕತ್ತು ಒಂದಿಷ್ಟು ವಾರೆ, ಮೈಯೆಲ್ಲ ಕಲ್ಲು. ತನ್ನ ಉಸಿರಿನ ಸದ್ದೂ ಅಡ್ಡ ಬಾರದಂತೆ, ಬಂಡೆಯ ಹಿಂದಿನಿಂದ ಕೊರಳ ಗಂಟೆ ಮರುನುಡಿದೀತೆ ಎಂದು ಕೇಳುತ್ತ ನಿಂತಿದ್ದಳು. ಗಂಟೆ ಕಿಣಿಕಿಣಿ ಎಂದ ಮೇಲಷ್ಟೇ ಎದೆ ಏರಿತು, ಏದುಸಿರು ಹತ್ತಿತು.

ಪಕ್ಕಕ್ಕೆ ತಿರುಗಿದರೆ ಬೋರಯ್ಯನವರ ಕೈಯಲ್ಲಿ ಗಡಿಯಾರ. "ಒಂಬತ್ತು" ಎಂದರು, ಪಿಸುಮಾತಿನಲ್ಲಿ. "ಒಂಬತ್ತು ಸೆಕೆಂಡು ಖಾಲಿ ನಿಂತ್ಲು. ನನ್ನ ತಗಡಿನ ಮುಂದೆ ಎರಡು ಸೆಕೆಂಡು ನಿಲ್ಲಾಕಾಗ್ದೆ ಒದ್ದಾಡಿದೋಳು."

"ಅಲ್ಲಿ ನೀವು ಹೆದರಿಸ್ತೀರಲ್ಲ, ಬುಡಬ್ಯಾಡಿ ಅಂತ" ಎಂದೆ.

ಅವರು ನಗಲಿಲ್ಲ. ಗಡಿಯಾರವನ್ನು ಇನ್ನೊಮ್ಮೆ ನೋಡಿ ಜೇಬಿಗಿಳಿಸಿದರು.

ಇದಾಗಿ ಒಂದೂವರೆ ವರ್ಷದ ಮೇಲೆ, ಇಂದ್ರಮ್ಮನವರ ಮೇಜಿನಿಂದ ಒಂದು ವಿದೇಶೀ ವೈದ್ಯಕೀಯ ಪತ್ರಿಕೆಯನ್ನು ತಂದು "ಓದಿ ಹೇಳ್ರಿ ಮೇಡಮ್ಮೋರೆ, ಕಾನ್ವೆಂಟು ಯಾವತ್ತಾರ ಕೆಲಸಕ್ಕೆ ಬರ್ಬೇಕಲ್ಲ" ಎಂದರು. ಅರ್ಧ ಪದಗಳಿಗೆ ನನ್ನ ನಿಘಂಟಿನಲ್ಲಿ ಜಾಗವಿರಲಿಲ್ಲ. ಆದರೂ ತಿಣುಕಿ ಓದಿದೆ: ಶರೀರದ ಸುತ್ತ ಎಕ್ಸ್‌ರೇ ಕೊಳವೆಯನ್ನು ತಿರುಗಿಸಿ, ಕಂಪ್ಯೂಟರಿನಿಂದ ಗಣಿಸಿ, ಸೌತೆಕಾಯಿಯ ಬಿಲ್ಲೆಗಳಂತೆ ಒಂದೊಂದೇ ಪದರವನ್ನು ಚಿತ್ರಿಸುವ ಯಂತ್ರ, ಸಿ.ಟಿ. ಎಂದು ಹೆಸರು. ಕೆಲವರು ಈಗ ಉಸಿರು ತುಂಬಿದಾಗ ಒಂದು, ಬಿಟ್ಟಾಗ ಒಂದು ಚಿತ್ರ ತೆಗೆದು, ಶ್ವಾಸಕೋಶ ಹೇಗಿದೆ ಎಂಬುದನ್ನಷ್ಟೇ ಅಲ್ಲ, ಹೇಗೆ ಕೆಲಸ ಮಾಡುತ್ತದೆ ಎಂಬುದನ್ನೂ ಅಳೆಯಲು ಹೊರಟಿದ್ದಾರೆ.

"ಬುಟ್ಟಾಗ ಅಂತ ಐತಾ? ಇನ್ನೊಂದ್ಸಲ ಓದ್ರಿ."

ಇನ್ನೊಂದು ಸಲ ಓದಿದೆ. ಬೋರಯ್ಯನವರು ಗೋಡೆಗೆ ಒರಗಿ ಕುಳಿತುಬಿಟ್ಟರು. ಹನ್ನೆರಡು ವರ್ಷ ಏಕಾಂಗಿಯಾಗಿ ಕತ್ತಲ ಕೋಣೆಯಲ್ಲಿ ಹಾಡಿಕೊಂಡಿದ್ದ ಹಾಡನ್ನು ಸಪ್ತಸಾಗರದಾಚೆ ಯಾರೋ ಹಾಡುತ್ತಿರುವುದು ಕೇಳಿಸಿದಂತೆ. ಸಿ.ಟಿ. ಬೇಕೆಂದರೆ ಸಿಟಿಗೇ ಹೋಗಬೇಕು ಎಂದು ನಾನು ಹೇಳಿದ ಕೀಳುದರ್ಜೆಯ ಶ್ಲೇಷೆ ಅವರ ಕಿವಿಗೆ ಬೀಳಲಿಲ್ಲ. ಇಂದ್ರಮ್ಮನವರಿಗೆ ಬಿತ್ತು. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಆ ಯಂತ್ರವನ್ನು ನೋಡಿಕೊಳ್ಳುತ್ತಿದ್ದ ಡಾಕ್ಟರ್ ರಾಜಲಕ್ಷ್ಮಮ್ಮ ಅವರ ಸಹಪಾಠಿ. ಅವರಿಗೆ ಕಾಗದ ಬರೆದರು. "ನಿಮ್ಮ ಎರಡನೇ ಫಿಲ್ಮಿಗೆ ಒಂದು ಗತಿ ಕಾಣಿಸೋಣ ಬೋರಯ್ಯ. ಅದರಲ್ಲಿ ಏನಾದ್ರೂ ಇದ್ದರೆ ನಾನು ಸೋಲ್ತೀನಿ."

ಎಂಬತ್ತಾರರ ಜುಲೈ. ಯಂತ್ರದ ಕೋಣೆ ದೇವಸ್ಥಾನದ ಗರ್ಭಗುಡಿಯಂತೆ ತಂಪಾಗಿತ್ತು. ದೊಡ್ಡ ಬಳೆಯಂಥ ಆ ಯಂತ್ರದ ನಡುವೆ ಮಂಚದ ಮೇಲೆ ಮಲಗಿದ ಈರಕ್ಕ, ಗಾಜಿನ ಈಚೆ ನಾವು. ಉಸಿರು ತುಂಬಿದ ಚಿತ್ರಗಳು ಸಲೀಸಾಗಿ ಬಂದವು: ಚೊಕ್ಕ ಕಪ್ಪು, ಒಂದು ದೋಷವಿಲ್ಲ. ಎರಡನೆಯ ಸರದಿಯಲ್ಲಿ ಎಲ್ಲ ಕೆಟ್ಟಿತು. ಒಂದು ಬಿಲ್ಲೆಗೆ ಐದು ಸೆಕೆಂಡು ಬೇಕು. ಖಾಲಿ ಎದೆಯಲ್ಲಿ ಐದು ಸೆಕೆಂಡು ಅಲುಗಾಡದೆ ಇರಬೇಕು. ಅಲ್ಲಿನ ಆಪರೇಟರು ಮೈಕಿನಲ್ಲಿ "ಉಸಿರು ಪೂರ್ತಿ ಬಿಡಿ, ನಿಲ್ಲಿಸಿ, ನಿಲ್ಲಿಸಿ" ಎಂದಷ್ಟೂ ಈರಕ್ಕ ನೀರಿನಿಂದ ತೆಗೆದ ಮೀನಾದಳು. ಮೂರು ಸಲ ತೆಗೆದರು. ಮೂರು ಸಲವೂ ಕಲಸಿದ ಹಿಟ್ಟು.

ರಾಜಲಕ್ಷ್ಮಮ್ಮನವರು ಗಡಿಯಾರ ನೋಡಿದರು. "ಹೊರಗೆ ತಲೆಗೆ ಪೆಟ್ಟು ಬಿದ್ದವರೊಬ್ಬರು ಕಾಯ್ತಿದಾರೆ. ಇನ್ನು ಹತ್ತು ನಿಮಿಷ. ಆಮೇಲೆ ಸಾಧ್ಯವಿಲ್ಲ ಬೋರಯ್ಯನವರೇ. ಮೊದಲನೆಯ ಚಿತ್ರಗಳ ಮೇಲೆ ರಿಪೋರ್ಟು ಬರೀತೀನಿ."

"ಏನಂತ ತಾಯಿ?"

"ಏನೂ ಇಲ್ಲ ಅಂತ."

ಮಿಡಿಗೇಶಿಯ ಬೇಲಿ ಆ ಗಾಜಿನ ಕೋಣೆಯೊಳಗೇ ಎದ್ದು ನಿಂತಂತಾಯಿತು. ಬೋರಯ್ಯನವರು ಕೋಟಿನ ಜೇಬಿಗೆ ಕೈಹಾಕಿ ಸೀಸದ ಅಕ್ಷರಗಳನ್ನು ಒಂದು ಸಲ ಕುಲುಕಿದರು. ಆಮೇಲೆ, ಜೀವಮಾನದಲ್ಲಿ ಯಾರನ್ನೂ ಏನನ್ನೂ ಬೇಡದ ಮನುಷ್ಯ, "ಆ ಮೈಕು ನಂಗೊಂದು ಕಿತ ಕೊಡ್ರಿ" ಎಂದರು.

ಅವರ ಆ ಪ್ರಸಿದ್ಧ ಪದಕ್ಕಾಗಿ ನಾನು ಕಾದೆ. ಅವರು ಅದನ್ನು ಆಡಲಿಲ್ಲ.

"ಈರಕ್ಕ, ಕಣ್ಮುಚ್ಕ. ಕೆಂಚಿ ಬಂಡೆ ಹಿಂದಕ್ಕೋಗೈತೆ ಕಣವ್ವ. ಕೂಗು."

ಅನಂತರ ಆ ಬಿಳಿಯ ಬಳೆಯೊಳಗಿನಿಂದ, ಅಮೃತಶಿಲೆಯ ನೆಲ, ಹವಾನಿಯಂತ್ರಣ, ಇಂಗ್ಲಿಷ್ ಫಲಕಗಳು ಎಲ್ಲವನ್ನೂ ಸೀಳಿಕೊಂಡು, "ಕೆಂಚೀ... ಹೋ..." ಎಂಬ ಕೂಗು ಎದ್ದಿತು. ಹೊರಗೆ ಕಾಯುತ್ತಿದ್ದವರು ಬಾಗಿಲು ತಟ್ಟಿದರು. ಕೂಗು ತೀರಿತು. ಈರಕ್ಕ ಬಾಯಿ ತೆರೆದು, ಕತ್ತು ವಾರೆ ಮಾಡಿ, ಕಲ್ಲಾದಳು. ಬೆಂಗಳೂರಿನ ನಡುಮಧ್ಯದಲ್ಲಿ ಮಿಡಿಗೇಶಿಯ ಗಂಟೆಯನ್ನು ಕೇಳತೊಡಗಿದಳು.

"ಈಗ" ಎಂದರು ಬೋರಯ್ಯನವರು. ಯಂತ್ರ ತಿರುಗಿತು. ಒಂದು, ಎರಡು, ಮೂರು, ನಾಲ್ಕು, ಐದು. ಬೋರಯ್ಯನವರು ಮೈಕಿನ ಮುಂದೆ ಜೇಬಿನ ಸೀಸವನ್ನು ಕಿಣಿಕಿಣಿ ಅನ್ನಿಸಿದರು. ಈರಕ್ಕ ಉಸಿರೆಳೆದುಕೊಂಡಳು.

ಮಂಚ ಮೂರು ಬೆರಳಿನಷ್ಟು ಸರಿಯಿತು. "ಈಗ ಬಿಳಿ ತಪ್ಪಿಸ್ಕಂತು ಕಣವ್ವ." ಬಿಳಿಯಾಯಿತು, ಕರಿಯಾಯಿತು, ಮೊಂಡುಬಾಲದ್ದಾಯಿತು, ಕುಂಟಿಯೂ ಆಯಿತು. ಐದು ಬಿಲ್ಲೆ, ಐದು ಕುರಿ. ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ರಾಜಲಕ್ಷ್ಮಮ್ಮನವರೇ, "ಮುಂದಿನದು ಯಾವುದು?" ಎಂದು ಕೇಳುವಂತಾಗಿತ್ತು.

ಚಿತ್ರಗಳು ಪರದೆಯ ಮೇಲೆ ಗೆರೆಗೆರೆಯಾಗಿ, ಮೇಲಿನಿಂದ ಕೆಳಕ್ಕೆ, ಯಾರೋ ಕಾಣದ ಕೈ ರಂಗೋಲಿಯೆಳೆದಂತೆ ಮೂಡಿದವು. ಪಕ್ಕೆಲುಬುಗಳು ಬದಿಗೆ ಸರಿದು ದಾರಿ ಬಿಟ್ಟಿದ್ದವು. ಒಳಗೆ ಶ್ವಾಸಕೋಶ ನಸುಬೂದಿಯಾಗಿತ್ತು. ಆ ಬೂದಿಯ ನಡುವೆ, ಇಲ್ಲೊಂದು ಅಲ್ಲೊಂದು, ಅಂಚು ಸ್ಪಷ್ಟವಾಗಿ ಕಾಣುವಂತೆ, ಇದ್ದಿಲಿನಷ್ಟು ಕಪ್ಪು ತೇಪೆಗಳು. ಒಳಗೆ ಬಂದು ಹೊರಗೆ ಹೋಗಲಾರದೆ ಕುಳಿತ ಗಾಳಿ. ತುಂಬಿದ ಎದೆಯ ಚಿತ್ರದಲ್ಲಿ ಇವುಗಳ ಸುಳಿವೇ ಇರಲಿಲ್ಲ. ಜೀವವಿರುವ ಹೆಣ್ಣೊಬ್ಬಳ ಉಸಿರು ಎಲ್ಲಿ ನಿಂತಿದೆಯೆಂದು, ಅವಳಿಗೆ ಒಂದು ಗೀರೂ ಆಗದಂತೆ, ನಾವು ನೋಡುತ್ತಿದ್ದೆವು. ಪ್ರಾರ್ಥನಾ ಮಂದಿರದಲ್ಲಿ ಸಿಸ್ಟರುಗಳು ನನ್ನಲ್ಲಿ ಎಷ್ಟು ಯತ್ನಿಸಿದರೂ ಹುಟ್ಟಿಸಲಾಗದಿದ್ದ ಮೌನ ಅಂದು ತಾನಾಗಿ ಬಂತು.

ಬೋರಯ್ಯನವರು ಪರದೆಯ ಹತ್ತಿರ ಹೋಗಿ ಬೆರಳು ಚಾಚಿ, ಮುಟ್ಟದೆ ಹಿಂದಕ್ಕೆಳೆದುಕೊಂಡರು. ಅವರ ಬೆನ್ನು ನನ್ನ ಕಡೆಗಿತ್ತು. ಆ ಖಾಕಿ ಕೋಟಿನ ಹೆಗಲು ಎಷ್ಟು ಹೊತ್ತಿನಿಂದ ಅಲುಗಿಲ್ಲವೆಂಬುದು ಆಗ ನನ್ನ ಗಮನಕ್ಕೆ ಬಂತು.

"ಬುಡಿ ಬೋರಯ್ಯನವರೇ" ಎಂದೆ. "ಈಗ ಬುಡಿ."

ಬಿಟ್ಟರು. ಬಹಳ ಹೊತ್ತು ಹಿಡಿಯಿತು.

ಈರಕ್ಕನಿಗೆ ಚಿಕ್ಕಂದಿನಲ್ಲಿ ದಡಾರ ಜೋರಾಗಿ ಎದ್ದಿತ್ತೇ ಎಂದು ರಾಜಲಕ್ಷ್ಮಮ್ಮನವರು ಕೇಳಿದರು. ಎದ್ದಿತ್ತು, ಬುಕ್ಕಾಪಟ್ಟಣದ ತವರಿನಲ್ಲಿ, ಆರು ವರ್ಷದವಳಿದ್ದಾಗ, ಬದುಕುವುದಿಲ್ಲವೆಂದು ಕೈಬಿಟ್ಟಿದ್ದರಂತೆ. ಆಗ ಮುಚ್ಚಿಹೋದ ಸಣ್ಣ ಗಾಳಿದಾರಿಗಳು ಇವು. ಪೂರ್ತಿ ವಾಸಿಯಾಗುವುದಲ್ಲ, ಔಷಧಿಯಿಂದ ಕೊಂಚ ಹಗುರಾಗಬಹುದು. ಆದರೆ ಕ್ಷಯವಲ್ಲ, ಯಾರಿಗೂ ಅಂಟುವುದಿಲ್ಲ. ಹಾಗೆಂದು ಇಂಗ್ಲಿಷಿನಲ್ಲಿ ಬರೆಯಹೊರಟಾಗ ಬೋರಯ್ಯನವರು ತಡೆದರು. "ಕನ್ನಡದಾಗೆ ಬರೀರಿ ತಾಯಿ. ಇಂಗ್ಲೀಷು ಮುಳ್ಳುಬೇಲಿ ದಾಟಾಕಿಲ್ಲ." ನಾನು ಬರೆದೆ, ರಾಜಲಕ್ಷ್ಮಮ್ಮನವರು ರುಜು ಹಾಕಿದರು.

ಹಟ್ಟಿಯಲ್ಲಿ ಕ್ಯಾತಣ್ಣ ಕಾಗದವನ್ನು ಎರಡು ಸಲ ಓದಿಸಿ ಕೇಳಿದ. ಬೋರಯ್ಯನವರು ಫಿಲ್ಮನ್ನು ಬೇಲಿಯ ಮುಳ್ಳಿಗೆ ಸಿಕ್ಕಿಸಿದರು. ಹಿಂದಿನಿಂದ ಬಿಸಿಲು ಬಿದ್ದು ಐದು ಬಿಲ್ಲೆಗಳೂ ಹೊಳೆದವು.

"ಇದೇನಯ್ಯ, ನಮ್ಮ ಹುಡುಗಿ ಎದೇನ ಕುಯ್ದು ಒಣಗಾಕಿದೀಯ?"

"ಇದು ಕೆಂಚಿನ ಕೂಗಿದ್ದು. ಇದು ಬಿಳೀನ. ಈ ಕರೀ ತ್ಯಾಪೆ ನೋಡು ಕ್ಯಾತಣ್ಣ. ಕೂಗಿ ಮುಗಿದ್ರೂ ಆಚಿಗೆ ಬರ್ದಿರೋ ಗಾಳಿ ಅದು. ಹೋದ್ ದಾರೀಲಿ ತಿರುಗಿ ಬರಾಕಾಗ್ದೆ ಸಿಗಾಕ್ಕಂಡೈತೆ. ಏನೈತೆ ಅಂತ ಕೇಳಿದ್ಯಲ್ಲ? ಇದೈತೆ. ಅವಳ ಎದೆಯಿಂದ್ಲೇ ಆಚಿಗೆ ಬರ್ಲಾರದ್ದು ನಿನ್ನ ಮೈಗೆ ಹೆಂಗ್ಲಾ ತಗಲ್ತೈತೆ?"

ಕ್ಯಾತಣ್ಣ ಆ ಕಪ್ಪು ತೇಪೆಗಳನ್ನು ಬಹಳ ಹೊತ್ತು ನೋಡಿದ. ಇಕ್ಕಟ್ಟಿನ ಬಂಡೆಸಂದಿಗೆ ನುಗ್ಗಿ ಹಿಂದಕ್ಕೆ ಬರಲಾಗದೆ ನಿಂತ ಕುರಿಗಳನ್ನು ಅವನು ಆಯುಷ್ಯವೆಲ್ಲ ಕಂಡಿದ್ದ. "ನನ್ನ ಮಗಂಗೂ ಇಂಥಾದ್ದೊಂದು ತೆಗ್ಸಿದ್ರೆ..." ಎಂದ. ಕವೆಗೋಲು ತೆಗೆದುಕೊಂಡು, ದಾರಿಗೆ ಅಡ್ಡವಿದ್ದ ಮುಳ್ಳನ್ನು ತಾನೇ ಎಳೆದು ಹಾಕಿದ.

ಈರಕ್ಕ ಒಳಗೆ ಕಾಲಿಡಲಿಲ್ಲ. ಮೂರು ವರ್ಷದ ಅಭ್ಯಾಸ. ಬೇಲಿ ಹೋದರೂ ಗೆರೆ ಹೋಗಿರಲಿಲ್ಲ. ಅಲ್ಲೇ ನಿಂತು ಬಾಯಿಗೆ ಅಂಗೈ ಮರೆಮಾಡಿ ಕೂಗಿದಳು: "ಗೌರೀ..." ಕೂಗಿ, ಉಸಿರೆಳೆಯದೆ, ಕತ್ತು ವಾರೆ ಮಾಡಿ ನಿಂತಳು. ನಾನು ಬೋರಯ್ಯನವರ ಕಡೆ ನೋಡಿದೆ. ಗಡಿಯಾರ ಜೇಬಿನಲ್ಲೇ ಇತ್ತು. ಅಂದು ಮೊದಲ ಬಾರಿಗೆ ಅವರು ಒಬ್ಬರ ಮುಖವನ್ನು ನೋಡುತ್ತಿದ್ದರು. ಒಳಗಿನಿಂದ "ಅವ್ವಾ" ಎಂದು ಓಡಿಬರುವ ಪುಟ್ಟ ಪಾದಗಳ ಸದ್ದಾಗುವವರೆಗೆ ಬಹುಶಃ ನಾವು ನಾಲ್ವರೂ ಉಸಿರಾಡಲಿಲ್ಲ.

ಬೋರಯ್ಯನವರಂಥವರ ಹೆಸರು ಯಾವ ವೈದ್ಯಕೀಯ ಪತ್ರಿಕೆಯಲ್ಲೂ ಅಚ್ಚಾಗುವುದಿಲ್ಲ. ಯಂತ್ರ ಕಂಡುಹಿಡಿದವರು ಅವರಲ್ಲ, ನಡೆಸಿದವರೂ ಅವರಲ್ಲ. ನಮ್ಮಲ್ಲಿ ಬಹುಪಾಲು ಜನ ಒಂದು ಪ್ರಶ್ನೆ ಕೇಳಿ, ಉತ್ತರ ಬರುವ ಮೊದಲೇ ಮುಂದಿನ ಮಾತಿಗೆ ಉಸಿರೆಳೆದುಕೊಳ್ಳುತ್ತೇವೆ, ನಾನಂತೂ ಅದರಲ್ಲಿ ಮೊದಲಿಗಳು. ಎಲ್ಲೋ ಕೆಲವರು ಮಾತ್ರ, ಒಂದೇ ಒಂದು ಪ್ರಶ್ನೆಯನ್ನು ಬಂಡೆಗಳ ಕಡೆಗೆ ಕೂಗಿ, ಹನ್ನೆರಡು ವರ್ಷವಾದರೂ ಸರಿ, ತಮ್ಮ ಸದ್ದು ಅಡ್ಡ ಬಾರದಂತೆ ನಿಂತಿರುತ್ತಾರೆ. ಗಂಟೆ ಕೇಳಿಸುವುದು ಅವರಿಗೇ.